ಕರಿಯದ ಸಿಗಡಿಗೂ ರುಚಿ ಉಂಟು

ಸಿಗಡಿ ತಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ಹೆಚ್ಚಾಗಿ ಎರಡೇ ದಾರಿ. ಮಸಾಲೆ ಹಚ್ಚಿ ಕರಿಯುವುದು, ಇಲ್ಲವೇ ತೆಂಗಿನಕಾಯಿ ಅರೆದು ಸಾರು. ಆದರೆ ಶುಗರ್, ಪ್ರೆಶರ್ ಇಲ್ಲದ ಮನೆ ಈಗ ಎಷ್ಟು ಉಂಟು? ಕಳೆದ ರಮಝಾನಿನಲ್ಲಿ ಇಫ್ತಾರಿಗೆ ಕರಿದ ತಿಂಡಿ ಕಡಿಮೆ ಮಾಡಿ, ದಕ್ಕೆಯಿಂದ ತಂದ ಸಿಗಡಿಯಲ್ಲಿ ನಾವು ಸಲಾಡ್ ಮಾಡಿದೆವು. "ಮಸಾಲೆ ಇಲ್ಲದೆ ಎಂತ ರುಚಿ?" ಅಂತ ಉಮ್ಮ ಮುಖ ತಿರುಗಿಸಿದರು.

ಸಲಾಡಿಗೆ ಸಿಗಡಿ ತಾಜಾ ಇರಲೇಬೇಕು. ಮಸಾಲೆಯಲ್ಲಿ ಮುಚ್ಚಿಹೋಗುವ ವಾಸನೆ ಇಲ್ಲಿ ಮುಚ್ಚುವುದಿಲ್ಲ. ಚಿಪ್ಪು ಹೊಳೆಯಬೇಕು, ತಲೆ ಸಡಿಲ ಆಗಿರಬಾರದು. ಅರ್ಧ ಕಿಲೋ ಸಿಗಡಿಯ ಚಿಪ್ಪು, ಬೆನ್ನಿನ ಕಪ್ಪು ನಾರು ತೆಗೆದು, ಕುದಿಯುವ ಉಪ್ಪುನೀರಿಗೆ ಹಾಕಿ. 2-3 ನಿಮಿಷದಲ್ಲಿ ಒಳಗಿನವರೆಗೂ ಬೆಂದು ಕೆಂಪಾಗುತ್ತದೆ. ಕೂಡಲೇ ತೆಗೆದು ತಣ್ಣೀರಿಗೆ ಹಾಕಿ. ಹೆಚ್ಚು ಬೆಂದರೆ ರಬ್ಬರಿನ ಹಾಗೆ.

ಡ್ರೆಸ್ಸಿಂಗ್ ಅಂಗಡಿಯಿಂದ ತರಬೇಕಿಲ್ಲ. 2 ಚಮಚ ವಿನೆಗರ್, 4 ಚಮಚ ಆಲಿವ್ ಎಣ್ಣೆ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಉಪ್ಪು ಬಾಟಲಿಗೆ ಹಾಕಿ ಕುಲುಕಿದರೆ ಮುಗಿಯಿತು. ವಿನೆಗರನ್ನು ಒಳ್ಳೆಯ ವ್ಯಂಜನ ಅಂತ ಪ್ರವಾದಿಯವರು(ಸ) ಹೊಗಳಿದ್ದಾರೆ. ಆಲಿವ್ ಮರವನ್ನು ಕುರ್‌ಆನ್ ಅನುಗ್ರಹೀತ ಎಂದಿದೆ. ಎರಡೂ ನಮಗೆ ಹೊರಗಿನವಲ್ಲ.

ಸೌತೆಕಾಯಿ, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಸೊಪ್ಪು ಸೇರಿಸಿ, ತಿನ್ನಲು ಕೂರುವಾಗ ಮಾತ್ರ ಡ್ರೆಸ್ಸಿಂಗ್ ಸುರಿಯಿರಿ. ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಆ ದಿನ ಉಮ್ಮ ಎರಡನೇ ಸಲ ಬಡಿಸಿಕೊಂಡರು. "ಒಂದು ಹಸಿಮೆಣಸು ಬೇಕಿತ್ತು" ಅಂದರು, ಅಷ್ಟೇ. ಈಗ ಅದನ್ನೂ ಹಾಕುತ್ತೇವೆ.