ಬಿಡುಗಡೆ ಪತ್ರ ಮತ್ತು ನ್ಯಾಯಾಲಯದ ಡಿಕ್ರಿ: ಹೊಸದುರ್ಗ ಸೀಮೆಯಲ್ಲಿ ವಿವಾಹ ವಿಚ್ಛೇದನವೂ ಮಕ್ಕಳ ಪೋಷಣೆಯೂ

ಚರಿತ್ರೆಯ ವಿದ್ಯಾರ್ಥಿಗೆ ಅರಸರ ಶಾಸನಗಳು ಎಷ್ಟು ಮುಖ್ಯವೋ ಜನಸಾಮಾನ್ಯರ ಮನೆವಾರ್ತೆಯನ್ನು ಆಳುವ ಕಟ್ಟಳೆಗಳೂ ಅಷ್ಟೇ ಮುಖ್ಯ. ಕಲ್ಲಿನ ಶಾಸನ ಒಡೆದುಹೋದ ಮೇಲೂ ಕಟ್ಟಳೆ ಉಳಿದುಕೊಳ್ಳುವುದುಂಟು. ಈ ಮಾತು ನಮಗೆ ಪ್ರತ್ಯಕ್ಷವಾದುದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿ, ಹಿರಿಯ ವಕೀಲರೊಬ್ಬರ ಕಛೇರಿಯಲ್ಲಿ ಕುಳಿತಿದ್ದಾಗ. ಹಳ್ಳಿಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಮಡಿಸಿಟ್ಟಿದ್ದ ಒಂದು ಛಾಪಾ ಕಾಗದವನ್ನು ಅವರ ಮುಂದಿಟ್ಟಳು. ಗಂಡಹೆಂಡಿರು ಇನ್ನು ಮುಂದೆ ಒಬ್ಬರಿಗೊಬ್ಬರು ಸಂಬಂಧವಿಲ್ಲದವರೆಂದೂ, ಏಳು ವರ್ಷದ ಗಂಡುಮಗು ತಂದೆಯ ಮನೆಗೆ ಸೇರತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ಕೆಳಗೆ ಊರ ಹಿರಿಯರ ರುಜುಗಳಿದ್ದುವು. ವಕೀಲರು ಅದನ್ನು ಎರಡು ಸಲ ಓದಿ, “ಇದರಿಂದಲೇ ಮದುವೆ ಮುರಿಯಿತೆಂದು ನಂಬಬೇಡಮ್ಮ, ಮಗು ಕೈಬಿಟ್ಟು ಹೋಯಿತೆಂದೂ ತಿಳಿಯಬೇಡ” ಎಂದರು. ಈ ಎರಡು ಮಾತುಗಳ ಅರ್ಥವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಚ್ಛೇದನವು ಹೊಸ ಕಾಲದ ಕಾಯಿದೆಯಿಂದ ಬಂದುದೆಂಬ ಭಾವನೆ ವಿದ್ಯಾವಂತರಲ್ಲಿ ಸಾಮಾನ್ಯ. ಇದು ಅರ್ಧಸತ್ಯ. ಧರ್ಮಶಾಸ್ತ್ರಗಳು ವಿವಾಹವನ್ನು ಬಿಡಿಸಲಾಗದ ಸಂಸ್ಕಾರವೆಂದು ಎಣಿಸಿದರೂ, ಪರಸ್ಪರ ದ್ವೇಷವಿದ್ದಲ್ಲಿ ಕೆಲವು ಬಗೆಯ ವಿವಾಹಗಳಿಂದ ಬಿಡುಗಡೆಯುಂಟೆಂದು ಕೌಟಿಲ್ಯನ ಅರ್ಥಶಾಸ್ತ್ರ ಒಪ್ಪುತ್ತದೆ. ಮೈಸೂರು ಸೀಮೆಯ ಅನೇಕ ಜಾತಿಗಳಲ್ಲಿ ಬಿಡುಗಡೆಯೂ ಕೂಡಿಕೆ ಮದುವೆಯೂ ರೂಢಿಯಲ್ಲಿದ್ದುವೆಂಬುದು ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ 1935ರವರೆಗೆ ಪ್ರಕಟವಾದ ಮೈಸೂರಿನ ಬುಡಕಟ್ಟು ಹಾಗೂ ಜಾತಿಗಳ ನಾಲ್ಕು ಸಂಪುಟಗಳಿಂದ ವಿದಿತವಾಗುತ್ತದೆ. ಚಿತ್ರದುರ್ಗ ಸೀಮೆಯ ಕಾಡುಗೊಲ್ಲರಲ್ಲಿಯೂ ಮ್ಯಾಸಬೇಡರಲ್ಲಿಯೂ ಇಂತಹ ವ್ಯಾಜ್ಯಗಳು ಕಟ್ಟೆಮನೆಯ ಮುಂದೆ ಬರುತ್ತಿದ್ದುವು.

ಈ ಪದ್ಧತಿಯಲ್ಲಿ ಒಂದು ಔದಾರ್ಯವಿತ್ತು, ಒಂದು ಕಾಠಿಣ್ಯವೂ ಇತ್ತು. ಹೆಣ್ಣು ಮತ್ತೊಂದು ಸಂಸಾರ ಹೂಡಬಹುದಾಗಿತ್ತು. ಆದರೆ ಮಕ್ಕಳನ್ನು ಸಾಮಾನ್ಯವಾಗಿ ಮೊದಲ ಗಂಡನ ಮನೆಯಲ್ಲಿ ಬಿಟ್ಟು ಹೋಗಬೇಕಾಗಿತ್ತು. ಮಗು ತಂದೆಯ ಕುಲಕ್ಕೆ ಸೇರಿದ್ದೆಂಬುದೇ ಅಲ್ಲಿಯ ನ್ಯಾಯ. ಮಗು ಯಾರದು ಎಂದು ಕೇಳುತ್ತಿದ್ದರೇ ಹೊರತು, ಮಗುವಿಗೆ ಯಾವುದು ಹಿತ ಎಂದು ಕೇಳುತ್ತಿರಲಿಲ್ಲ. ಹೊಸದುರ್ಗದ ಆ ಛಾಪಾ ಕಾಗದದ ಎರಡನೆಯ ಷರತ್ತು ಈ ಹಳೆಯ ನ್ಯಾಯದ ಉಳಿಕೆಯೆಂದೇ ನಮಗೆ ತೋರುತ್ತದೆ.

ಇನ್ನು ಶಾಸನಗಳ ಮಾತು. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಆಸ್ತಿ, ದತ್ತಕ, ಜೀವನಾಂಶಗಳಲ್ಲಿ ಹೆಂಗಸರಿಗೆ ಹೊಸ ಅಧಿಕಾರಗಳನ್ನು ಕೊಟ್ಟಿತು. ವಿಚ್ಛೇದನವನ್ನು ಮಾತ್ರ ಕೊಡಲಿಲ್ಲ. ಮುಂಬಯಿ ಪ್ರಾಂತದಲ್ಲಿ 1947ರಲ್ಲಿಯೂ ಮದರಾಸು ಪ್ರಾಂತದಲ್ಲಿ 1949ರಲ್ಲಿಯೂ ವಿಚ್ಛೇದನದ ಕಾಯಿದೆಗಳು ಬಂದುವು. ಆದುದರಿಂದ ಆಗ ಮದರಾಸಿಗೆ ಸೇರಿದ್ದ ಬಳ್ಳಾರಿಯ ಹಿಂದೂ ಹೆಂಗಸು ಕೋರ್ಟಿನಲ್ಲಿ ಕೇಳಬಹುದಾಗಿದ್ದುದನ್ನು ನೆರೆಯ ಚಿತ್ರದುರ್ಗದವಳು ಕೇಳಲಾಗುತ್ತಿರಲಿಲ್ಲ. 1955ರ ಮೇ 18ರಂದು ಜಾರಿಗೆ ಬಂದ ಹಿಂದೂ ವಿವಾಹ ಕಾಯಿದೆ ಈ ಭೇದವನ್ನು ಅಳಿಸಿತು. ಮೊದಲು ಕ್ರೌರ್ಯವೂ ಪರಿತ್ಯಾಗವೂ ನ್ಯಾಯಿಕ ಪ್ರತ್ಯೇಕವಾಸಕ್ಕೆ ಮಾತ್ರ ಕಾರಣಗಳಾಗಿದ್ದುವು. 1976ರ ತಿದ್ದುಪಡಿಯಿಂದ ವಿಚ್ಛೇದನಕ್ಕೂ ಕಾರಣಗಳಾದುವು. ಉಭಯಸಮ್ಮತಿಯ ವಿಚ್ಛೇದನವು ಈ ಕಾಯಿದೆಗೆ ಸೇರಿದ್ದೂ ಅದೇ ವರ್ಷ.

ರೂಢಿಯ ಬಿಡುಗಡೆಯನ್ನು 1955ರ ಕಾಯಿದೆ ರದ್ದುಮಾಡಲಿಲ್ಲವೆಂಬುದು ಗಮನಾರ್ಹ. ಅದರ 29ನೆಯ ಪ್ರಕರಣವು ಅಂತಹ ಹಕ್ಕನ್ನು ಉಳಿಸಿದೆ. ಆದರೆ ಆ ಜಾತಿಯಲ್ಲಿ ಆ ರೂಢಿ ಪೂರ್ವದಿಂದಲೂ ಎಡೆಬಿಡದೆ ನಡೆದುಬಂದಿದೆಯೆಂದು ವಾದಿಸುವವನೇ ಸಾಕ್ಷ್ಯದಿಂದ ರುಜುವಾತುಪಡಿಸಬೇಕು. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಇದನ್ನು ಸ್ಪಷ್ಟಪಡಿಸಿತು. ರೂಢಿ ಸಿದ್ಧವಾಗದಿದ್ದರೆ ಛಾಪಾ ಕಾಗದಕ್ಕೆ ಬೆಲೆಯಿಲ್ಲ. ಅದನ್ನು ನಂಬಿ ಮಾಡಿಕೊಂಡ ಮರುಮದುವೆ ಶೂನ್ಯವಾಗುತ್ತದೆ, ದ್ವಿಪತ್ನಿತ್ವದ ಅಥವಾ ದ್ವಿಪತಿತ್ವದ ಅಪರಾಧಕ್ಕೂ ಎಡೆಯಾಗಬಹುದು. ಇಂತಹ ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನು ಮಾತ್ರ ಕಾಯಿದೆ ಔರಸರೆಂದೇ ಪರಿಗಣಿಸುತ್ತದೆ. ವಕೀಲರ ಮೊದಲ ಮಾತಿನ ಅರ್ಥವಿದು.

ಹಾಗಾದರೆ ನ್ಯಾಯಾಲಯದ ದಾರಿ ಯಾವುದು? ಅವರು ನಮಗೆ ವಿವರಿಸಿದ ಕ್ರಮ ಹೀಗಿದೆ. ಮದುವೆಯಾಗಿ ಒಂದು ವರ್ಷ ಕಳೆಯುವವರೆಗೆ, ಅಸಾಧಾರಣ ಕಷ್ಟವಿದ್ದ ಹೊರತು, ಅರ್ಜಿ ಸಲ್ಲದು. ಮದುವೆ ನಡೆದ ಸ್ಥಳ, ಎದುರುದಾರರು ವಾಸವಾಗಿರುವ ಸ್ಥಳ, ದಂಪತಿಗಳು ಕಡೆಯ ಬಾರಿ ಒಟ್ಟಿಗಿದ್ದ ಸ್ಥಳ, ಇವುಗಳ ಮೇಲೆ ಅಧಿಕಾರವುಳ್ಳ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. 2003ರಿಂದ ಹೆಂಡತಿಯು ತಾನಿರುವ ಊರಿನಿಂದಲೂ ಹಾಕಬಹುದು. ತವರಿಗೆ ಮರಳಿದ ಬಡ ಹೆಂಗಸಿಗೆ ಈ ಕಡೆಯ ಸೌಲಭ್ಯ ದೊಡ್ಡದು. ಮದುವೆಯ ಲಗ್ನಪತ್ರಿಕೆ, ಭಾವಚಿತ್ರ, ವಾಸದ ದಾಖಲೆ, ಮಗುವಿನ ಜನನಪತ್ರ, ಶಾಲೆಯ ದಾಖಲೆ, ವರಮಾನದ ವಿವರ, ಇಷ್ಟನ್ನು ಕಕ್ಷಿಗಾರರು ಮೊದಲ ದಿನವೇ ತರುವುದು ಒಳ್ಳೆಯದು.

ಉಭಯರೂ ಒಪ್ಪಿದ್ದರೆ ಒಂದು ವರ್ಷ ಬೇರೆ ಬೇರೆ ಇದ್ದ ಮೇಲೆ ಜಂಟಿ ಅರ್ಜಿ ಸಲ್ಲಿಸಬೇಕು. ಅನಂತರ ಆರು ತಿಂಗಳ ಬಳಿಕ, ಹದಿನೆಂಟು ತಿಂಗಳೊಳಗಾಗಿ, ಇಬ್ಬರೂ ಮತ್ತೆ ಬಂದು ಒಪ್ಪಿಗೆಯನ್ನು ತಿಳಿಸಬೇಕು. ತಕ್ಕ ಕಾರಣವಿದ್ದರೆ ಈ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಿಸಬಹುದೆಂದು 2017ರಲ್ಲಿ ತೀರ್ಮಾನವಾಗಿದೆ. ಡಿಕ್ರಿಯಾಗುವ ಮೊದಲು ಒಬ್ಬರು ಒಪ್ಪಿಗೆಯನ್ನು ಹಿಂತೆಗೆದುಕೊಂಡರೆ ಈ ದಾರಿ ಮುಚ್ಚಿಹೋಗುತ್ತದೆ.

ಒಪ್ಪಿಗೆಯಿಲ್ಲದೆಡೆ ವ್ಯಭಿಚಾರ, ಕ್ರೌರ್ಯ, ಎರಡು ವರ್ಷಕ್ಕೆ ಕಡಮೆಯಿಲ್ಲದ ಪರಿತ್ಯಾಗ, ಏಳು ವರ್ಷ ಸುಳಿವಿಲ್ಲದಿರುವುದು ಮೊದಲಾದ ಕಾರಣಗಳಲ್ಲಿ ಒಂದನ್ನಾದರೂ ಸಾಬೀತು ಮಾಡಬೇಕು. ಅರ್ಜಿ, ಸಮನ್ಸು, ತಕರಾರು, ರಾಜಿಯ ಯತ್ನ, ಸಾಕ್ಷ್ಯ, ಪಾಟೀಸವಾಲು, ವಾದ, ತೀರ್ಪು ಇವು ಒಂದಾದ ಮೇಲೊಂದು ಬರುತ್ತವೆ. ಮನಸ್ಸು ಒಡೆದಿದೆ ಎಂಬಷ್ಟರಿಂದಲೇ ಕೆಳಗಿನ ನ್ಯಾಯಾಲಯ ವಿಚ್ಛೇದನ ಕೊಡಲಾರದು. ಮತ್ತೆ ಕೂಡದಂತೆ ಮುರಿದ ಸಂಸಾರವನ್ನು ಆ ಕಾರಣದಿಂದಲೇ ವಿಸರ್ಜಿಸುವ ಅಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರ ಇದೆ. ವ್ಯಾಜ್ಯ ನಡೆಯುತ್ತಿರುವಾಗ ಮಧ್ಯಕಾಲೀನ ಜೀವನಾಂಶವನ್ನೂ ಖರ್ಚನ್ನೂ ಕೇಳಬಹುದು. ಇದಕ್ಕಾಗಿ ಇಬ್ಬರೂ ಆಸ್ತಿ ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರಿಂದ ಕಟ್ಟುನಿಟ್ಟಾಗಿದೆ. ಡಿಕ್ರಿಯಾದೊಡನೆ ಮರುಮದುವೆಗೆ ಆತುರಪಡಬಾರದು. ಮೇಲ್ಮನವಿಯ ಅವಧಿ ಮುಗಿದಿರಬೇಕು, ಮೇಲ್ಮನವಿಯಾಗಿದ್ದರೆ ಅದು ವಜಾ ಆಗಿರಬೇಕು.

ಇಲ್ಲಿಯವರೆಗಿನದು ಗಂಡಹೆಂಡಿರ ಮಾತು. ಮಗುವಿನ ವಿಷಯದಲ್ಲಿ ಕಾನೂನಿನ ದೃಷ್ಟಿಯೇ ಬೇರೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯಿದೆಯು ತಂದೆಯನ್ನು ಸಹಜ ಪೋಷಕನೆಂದು ಮೊದಲು ಹೆಸರಿಸಿ ತಾಯಿಯನ್ನು ಅನಂತರ ಹೇಳುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರಬೇಕೆನ್ನುತ್ತದೆ. ‘ಅನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ಆತ ಮಗುವಿನ ಹೊಣೆಯನ್ನು ಹೊರದಿದ್ದಾಗಲೂ ಎಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಅರ್ಥೈಸಿತು. ಇವೆಲ್ಲಕ್ಕೂ ಮೇಲಾಗಿ ಆ ಕಾಯಿದೆಯ 13ನೆಯ ಪ್ರಕರಣವು ಮಗುವಿನ ಹಿತವೇ ಪರಮವೆಂದು ಸಾರುತ್ತದೆ. ಐದು ದಾಟಿತೆಂದು ಮಗು ತಾನಾಗಿ ತಂದೆಯ ಪಾಲಾಗುವುದಿಲ್ಲ. ಹಿರಿಯರ ಮುಂದೆ ತಂದೆತಾಯಿಗಳು ಬರೆದುಕೊಂಡ ಷರತ್ತು ನ್ಯಾಯಾಲಯವನ್ನು ಕಟ್ಟಿಹಾಕುವುದೂ ಇಲ್ಲ. ವಕೀಲರ ಎರಡನೆಯ ಮಾತಿನ ಅರ್ಥವಿದು.

ವಿಚ್ಛೇದನದ ವ್ಯಾಜ್ಯದಲ್ಲಿಯೇ 26ನೆಯ ಪ್ರಕರಣದಂತೆ ಮಗುವಿನ ವಶ, ಪೋಷಣೆ, ವಿದ್ಯಾಭ್ಯಾಸಗಳ ಬಗ್ಗೆ ಆಜ್ಞೆ ಪಡೆಯಬಹುದು. ಇಲ್ಲವೆ 1890ರ ಪೋಷಕರ ಮತ್ತು ಪಾಲ್ಯರ ಕಾಯಿದೆಯಂತೆ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಮೇಲೆ ಅಧಿಕಾರವುಳ್ಳ ನ್ಯಾಯಾಲಯಕ್ಕೆ ಹೋಗಬಹುದು. ನ್ಯಾಯಾಧೀಶರು ಮಗುವಿನ ವಯಸ್ಸು, ಶಾಲೆ, ಆರೋಗ್ಯ, ಎರಡೂ ಮನೆಗಳ ನಡವಳಿಕೆಯನ್ನು ನೋಡುತ್ತಾರೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ಕೇಳುತ್ತಾರೆ. ವರಮಾನ ಹೆಚ್ಚಿದ್ದವರಿಗೇ ಮಗು ಎಂಬ ನಿಯಮವಿಲ್ಲ. ಮಗುವಿಲ್ಲದ ಕಡೆಯವರಿಗೆ ಭೇಟಿಯ ದಿನಗಳನ್ನು ಗೊತ್ತುಮಾಡುತ್ತಾರೆ. ಕಾಲ ಬದಲಾದಂತೆ ಈ ಆಜ್ಞೆಯನ್ನೂ ಬದಲಾಯಿಸಬಹುದು. ಮದುವೆ ಒಮ್ಮೆ ಮುರಿಯುತ್ತದೆ, ಮಗುವಾದರೋ ಬೆಳೆಯುತ್ತಲೇ ಇರುತ್ತದೆ.

ಖರ್ಚಿಗೆ ಅಂಜಿ ಛಾಪಾ ಕಾಗದಕ್ಕೆ ಶರಣಾಗುವವರು ಹಲವರೆಂದು ವಕೀಲರು ಹೇಳಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ, ವರಮಾನ ಎಷ್ಟೇ ಇರಲಿ, ಉಚಿತ ವಕೀಲರ ನೆರವುಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು. ಈ ವಿಷಯ ಹಟ್ಟಿಗಳನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲವೆಂಬುದು ಅವರ ವ್ಯಸನ.

ಕಟ್ಟೆಮನೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮೇಲು ಜಾತಿಗಳ ಶಾಸ್ತ್ರ ಕೊಡದಿದ್ದ ಬಿಡುಗಡೆಯನ್ನು ಅದು ಹೆಣ್ಣಿಗೆ ಕೊಟ್ಟಿತು; ದೂರದ ಕೋರ್ಟಿಗೆ ಅಲೆಯದಂತೆ ಊರಿನಲ್ಲಿಯೇ ತೀರ್ಮಾನ ಮಾಡಿತು. ಆದರೆ ಮಗುವಿನ ಪ್ರಶ್ನೆಯನ್ನು ಅದು ಕುಲದ ಪ್ರಶ್ನೆಯಾಗಿಯೇ ಕಂಡಿತು. ಆ ದೃಷ್ಟಿಯನ್ನು ತಿದ್ದಿದುದರಲ್ಲಿಯೇ ಹೊಸ ಕಾನೂನಿನ ಹೆಚ್ಚುಗಾರಿಕೆಯಿದೆ. ನಾವು ಹೊರಡುವ ಹೊತ್ತಿಗೆ ವಕೀಲರು ಛಾಪಾ ಕಾಗದವನ್ನು ಬದಿಗಿರಿಸಿ, ಮಗುವಿನ ಶಾಲೆ ಯಾವುದೆಂದು ಆ ತಾಯಿಯನ್ನು ಕೇಳಿ ಬರೆದುಕೊಳ್ಳುತ್ತಿದ್ದರು.