ಮಿಸಿರ್ಲೂ

ಮಿಸಿರ್ಲೂ ಪೂರ್ವ ಮೆಡಿಟರೇನಿಯನ್ ಪ್ರದೇಶದ ಒಂದು ಜನಪದ ಧಾಟಿ. ಅಮೆರಿಕದ ಗಿಟಾರ್ ವಾದಕ ಡಿಕ್ ಡೇಲ್ (1937–2019) 1962ರಲ್ಲಿ ಹೊರತಂದ ಇದರ ವಾದ್ಯರೂಪವು ಸರ್ಫ್ ರಾಕ್ ಪ್ರಕಾರದ ಅತ್ಯಂತ ಪ್ರಸಿದ್ಧ ಕೃತಿಗಳಲ್ಲಿ ಒಂದಾಗಿದೆ. ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಹಲಗೆಯ ಮೇಲೆ ನಿಂತು ಅಲೆಗಳನ್ನೇರುವ ಯುವಜನರ ನಡುವೆ ಬೆಳೆದ ಸಂಗೀತವೇ ಸರ್ಫ್ ರಾಕ್.

ಮೂಲ

ಮಿಸಿರ್ಲೂ ಎಂದರೆ ‘ಈಜಿಪ್ಟಿನ ಹೆಣ್ಣು’ ಎಂದರ್ಥ. ಈ ಧಾಟಿಯ ಕರ್ತೃ ಅಜ್ಞಾತ. ಇದರ ಮೊದಲ ಗ್ರೀಕ್ ಧ್ವನಿಮುದ್ರಣವು 1927ರಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು.

ಒಂದೇ ತಂತಿಯ ಸವಾಲು

ಡೇಲ್ ಅವರ ತಂದೆ ಲೆಬನಾನ್ ಮೂಲದವರು. ಒಂದೇ ತಂತಿಯಲ್ಲಿ ಇಡೀ ಹಾಡನ್ನು ನುಡಿಸಬಲ್ಲಿರಾ ಎಂದು ಅಭಿಮಾನಿಯಾದ ಹುಡುಗನೊಬ್ಬ ಕೇಳಿದಾಗ, ಬಂಧುಗಳು ಊದ್ ವಾದ್ಯದಲ್ಲಿ ನುಡಿಸುತ್ತಿದ್ದ ಮಿಸಿರ್ಲೂ ತಮಗೆ ನೆನಪಾಯಿತೆಂದು ಡೇಲ್ ಹೇಳಿಕೊಂಡಿದ್ದಾರೆ. ನಿಧಾನಗತಿಯ ಧಾಟಿಯನ್ನು ಅವರು ಬಹಳ ತ್ವರಿತಗೊಳಿಸಿ, ದಪ್ಪ ತಂತಿಯನ್ನು ಮೇಲೂ ಕೆಳಗೂ ಎಡೆಬಿಡದೆ ಮೀಟಿ ನುಡಿಸಿದರು. 1994ರ ‘ಪಲ್ಪ್ ಫಿಕ್ಷನ್’ ಚಲನಚಿತ್ರದ ಆರಂಭದಲ್ಲಿ ಬಳಕೆಯಾದ ಬಳಿಕ ಈ ಕೃತಿಯು ಹೊಸ ಪೀಳಿಗೆಯ ಕೇಳುಗರನ್ನು ಪಡೆಯಿತು.

ಸ್ವರಶ್ರೇಣಿ

ಧಾಟಿಯ ಮುಖ್ಯ ಭಾಗವು ಪಾಶ್ಚಾತ್ಯರು ಡಬಲ್ ಹಾರ್ಮೋನಿಕ್ ಎಂದು ಕರೆಯುವ ಶ್ರೇಣಿಯಲ್ಲಿದೆ. ಇದರ ಸ್ವರಸ್ಥಾನಗಳು ಕರ್ನಾಟಕ ಸಂಗೀತದ 15ನೆಯ ಮೇಳಕರ್ತವಾದ ಮಾಯಾಮಾಳವಗೌಳದವೇ ಆಗಿವೆ: ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಪುರಂದರದಾಸರು ಹಾಕಿಕೊಟ್ಟರೆನ್ನಲಾದ ಪಾಠಕ್ರಮದಲ್ಲಿ ಸರಳೆ, ಜಂಟಿವರಸೆಗಳನ್ನು ಇದೇ ರಾಗದಲ್ಲಿ ಕಲಿಸಲಾಗುತ್ತದೆ. ಆದಕಾರಣ ಸಂಗೀತಾಭ್ಯಾಸ ಮಾಡಿದ ಕನ್ನಡಿಗರ ಕಿವಿಗೆ ಈ ಧಾಟಿ ಪರಿಚಿತವೆನಿಸುತ್ತದೆ. ಆದರೆ ಗಮಕ ಮತ್ತು ಸಂಚಾರಗಳು ಭಿನ್ನವಾದ್ದರಿಂದ ಇದನ್ನು ಆ ರಾಗದ ರಚನೆಯೆಂದು ಪರಿಗಣಿಸಲಾಗದು.