ಅಂಗಡಿ ಮುಚ್ಚಿದ್ದು ನಮಗೇ ಗೊತ್ತಿರಲಿಲ್ಲ

2024ರ ಮೇ ತಿಂಗಳು. ಹಲಸಿನ ಹಪ್ಪಳ ಒಣಗಿಸಿ ಕಟ್ಟಿ ಇಟ್ಟಾಗಿತ್ತು. ನಾವು ಏಳು ಮನೆಯವರು ಸೇರಿ ಒಂದು ವೆಬ್‌ಸೈಟ್ ಮಾಡಿಕೊಂಡಿದ್ದೇವೆ. ಹಪ್ಪಳ, ಪುನರ್ಪುಳಿ ಸಿಪ್ಪೆ, ಕಾಳುಮೆಣಸಿಗೆ ಆರ್ಡರ್ ಬರುವುದು ಅದರಲ್ಲಿಯೇ. ಸೀಸನ್ನಿನಲ್ಲಿ ದಿನಕ್ಕೆ ಆರೇಳು ಬರುತ್ತಿತ್ತು. ಆ ವಾರ ನಾಲ್ಕು ದಿನ ಒಂದೂ ಇಲ್ಲ. ಶಾಲೆ ಶುರುವಾಗುವ ಸಮಯ, ಪೇಟೆಯವರ ಕೈಯಲ್ಲಿ ದುಡ್ಡಿರಲಿಕ್ಕಿಲ್ಲ ಅಂತ ನಾವೇ ಕಾರಣ ಕಟ್ಟಿಕೊಂಡೆವು.

ಐದನೆಯ ದಿನ ಬೆಂಗಳೂರಿನ ಹಳೇ ಗಿರಾಕಿಯೊಬ್ಬರ ಫೋನ್. “ಹಪ್ಪಳ ಮಾಡೋದು ಬಿಟ್ರಾ? ನಿಮ್ಮ ಸೈಟ್ ತೆರೆಯೋದೇ ಇಲ್ಲ!”

ನೋಡಿದರೆ ಬಾಡಿಗೆಗೆ ಹಿಡಿದ ಸರ್ವರಿನಲ್ಲಿ ಜಾಗ ತುಂಬಿ ಎಲ್ಲ ನಿಂತುಹೋಗಿತ್ತು. ಬೇಡದ ಕಡತ ಅಳಿಸಿದ್ದೇ ಸರಿಯಾಯಿತು. ರಿಪೇರಿಗೆ ಹಿಡಿದದ್ದು ಹತ್ತು ನಿಮಿಷ, ಗೊತ್ತಾಗಲಿಕ್ಕೆ ಹಿಡಿದದ್ದು ಐದು ದಿನ. ತೋಟದ ಪಂಪು ನಿಂತರೆ ಸದ್ದು ನಿಲ್ಲುತ್ತದೆ, ಚಾವಡಿಯಲ್ಲಿ ಕೂತವನಿಗೂ ತಿಳಿಯುತ್ತದೆ. ವೆಬ್‌ಸೈಟಿಗೆ ಸದ್ದೇ ಇಲ್ಲವಲ್ಲ!

ಬಾಡಿಗೆಗೆ ಕೊಡುವವರು ಶೇಕಡಾ 99 ಹೊತ್ತು ನಡೆಯುತ್ತದೆ ಎಂದರೆ ಕೇಳಲು ಚೆನ್ನ. ಲೆಕ್ಕ ಹಾಕಿ. ಉಳಿದ ಶೇಕಡಾ ಒಂದು ಎಂದರೆ ವರ್ಷಕ್ಕೆ ಮೂರು ದಿನ ಹದಿನೈದು ಗಂಟೆ. ಶೇಕಡಾ 99.9 ಎಂದರೂ ಎಂಟೂಮುಕ್ಕಾಲು ಗಂಟೆ. ಆ ಮೂರು ದಿನ ಹಲಸಿನ ಕಾಲದಲ್ಲೇ ಬಂದರೆ?

ಕಾವಲುಗಾರ ಬಂದ

ಮೈಸೂರಿನಲ್ಲಿರುವ ಸೋದರಳಿಯ ರಜೆಗೆ ಬಂದವನು ಕೇಳಿ ನಕ್ಕ. “ಮಾವ, ಇದಕ್ಕೆ ಕಾವಲು ಇಡಲಿಕ್ಕೆ ಆಗ್ತದೆ, ಖರ್ಚಿಲ್ಲ.” ಮೂಲೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ‘ಅಪ್‌ಟೈಮ್ ಕುಮಾ’ ಎಂಬ ತಂತ್ರಾಂಶ ಹಾಕಿದ. 2021ರಲ್ಲಿ ಬಂದದ್ದು, ಪುಕ್ಕಟೆ. ಅದರ ಕೆಲಸ ಇಷ್ಟೇ: ಹೇಳಿದಷ್ಟು ಹೊತ್ತಿಗೊಮ್ಮೆ ನಮ್ಮ ಸೈಟಿನ ಬಾಗಿಲು ತಟ್ಟುವುದು. ಉತ್ತರ ಬಾರದಿದ್ದರೆ ನಮ್ಮ ಫೋನಿಗೆ ಸಂದೇಶ ಕಳಿಸುವುದು.

ಬಾಗಿಲು ತಟ್ಟುವ ಈ ಉಪಾಯ ಹಳತೇ. ಅಮೆರಿಕದ ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಸಬ್‌ಮರೀನುಗಳು ನೀರಿನೊಳಗೆ ಸದ್ದು ಬಿಟ್ಟು ಪ್ರತಿಧ್ವನಿ ಕೇಳುತ್ತವಲ್ಲ, ಆ ಸದ್ದಿನದ್ದೇ ಹೆಸರು. ಆಚೆಯ ಯಂತ್ರ ಓಗೊಡುತ್ತದೋ ಇಲ್ಲವೋ ಎಂದಷ್ಟೇ ಅದು ಹೇಳುತ್ತದೆ. ಯಂತ್ರ ಓಗೊಟ್ಟಿತು ಎಂದ ಮಾತ್ರಕ್ಕೆ ಅಂಗಡಿ ತೆರೆದಿದೆ ಎಂದಲ್ಲ. ಇದನ್ನು ನಾವು ಪೆಟ್ಟು ತಿಂದೇ ಕಲಿತದ್ದು.

ಮೊದಲ ಪೆಟ್ಟು ಜೂನಿನಲ್ಲಿ. ಗಾಳಿಮಳೆಗೆ ನಮ್ಮ ಊರಿನ ಲೈನು ಹೋಯಿತು. ಕಾವಲಿನ ಲ್ಯಾಪ್‌ಟಾಪು ನಮ್ಮ ಚಾವಡಿಯಲ್ಲೇ ಇತ್ತು. ಇಂಟರ್ನೆಟ್ ಹೋದ ಕೂಡಲೇ ಅದಕ್ಕೆ ಸೈಟ್ ಕಾಣಿಸಲಿಲ್ಲ, ಅಯ್ಯೋ ಸತ್ತಿತು ಎಂದು ಬೊಬ್ಬೆ ಹಾಕಲು ಹೊರಟಿತು. ಬೊಬ್ಬೆ ಹೊರಗೆ ಹೋಗಲಿಕ್ಕೂ ಅದೇ ಲೈನು ಬೇಕು! ಲೈನು ಬಂದ ಮೇಲೆ ಸಂದೇಶ ರಾಶಿ ಬಿತ್ತು. ಸೈಟಿಗೆ ಏನೂ ಆಗಿರಲಿಲ್ಲ.

ದೊಡ್ಡವರಿಗೂ ಹೀಗೇ ಆಗಿದೆ. 2021ರ ಅಕ್ಟೋಬರ್ 4ರಂದು ರಾತ್ರಿ ಒಂಬತ್ತು ದಾಟಿದ ಮೇಲೆ ನಮ್ಮೆಲ್ಲರ ವಾಟ್ಸಾಪ್ ನಿಂತದ್ದು ನೆನಪುಂಟಲ್ಲ? ಫೇಸ್‌ಬುಕ್ಕಿನವರು ನಿರ್ವಹಣೆಗೆಂದು ಕೊಟ್ಟ ಒಂದು ಆದೇಶ ತಪ್ಪಿ, ಅವರ ಇಡೀ ಜಾಲ ಹೊರಲೋಕದಿಂದ ಕಡಿದುಹೋಯಿತು. ಪತ್ತೆ ಮಾಡಿ ರಿಪೇರಿ ಮಾಡುವ ಅವರ ಒಳಗಿನ ಸಾಧನಗಳೂ ಅದೇ ಜಾಲದಲ್ಲಿದ್ದವು, ಅವೂ ಕೆಟ್ಟವು. ಎಂಜಿನಿಯರುಗಳು ಖುದ್ದು ಯಂತ್ರದ ಬುಡಕ್ಕೇ ಹೋಗಬೇಕಾಯಿತು. ಸುಮಾರು ಆರು ಗಂಟೆ ಹಿಡಿಯಿತು. ಬಾವಿಗೆ ಬಿದ್ದವನ ಹಗ್ಗವೂ ಅವನ ಜೊತೆಗೇ ಬಿದ್ದ ಹಾಗೆ.

ನಮ್ಮ ಲ್ಯಾಪ್‌ಟಾಪನ್ನು ಅಳಿಯ ಮೈಸೂರಿಗೆ ಕೊಂಡುಹೋದ.

ಹಪ್ಪಳ ಎಂಬ ಶಬ್ದ

ಎರಡನೆಯ ಪೆಟ್ಟು ಆಗಸ್ಟಿನಲ್ಲಿ. ಕಾವಲುಗಾರ ಎಲ್ಲ ಸರಿ ಎನ್ನುತ್ತಿದ್ದ, ಆರ್ಡರ್ ಮಾತ್ರ ಇಲ್ಲ. ಸರ್ವರು ಉತ್ತರ ಕೊಡುವಾಗ ಒಂದು ಅಂಕೆ ಹೇಳುತ್ತದೆ. 200 ಎಂದರೆ ಸರಿ, 500 ಎಂದರೆ ಒಳಗೆ ಕೆಟ್ಟಿದೆ. ನಮ್ಮದು 200 ಹೇಳಿಕೊಂಡೇ ಖಾಲಿ ಪುಟ ತೋರಿಸುತ್ತಿತ್ತು. ಸಾಮಾನಿನ ಪಟ್ಟಿ ಇರುವ ಡೇಟಾಬೇಸ್ ಮಲಗಿತ್ತು. ಈಗ ಅಂಕೆಯೊಂದನ್ನೇ ನಂಬುವುದಿಲ್ಲ. ಪುಟದಲ್ಲಿ ‘ಹಲಸಿನ ಹಪ್ಪಳ’ ಎಂಬ ಶಬ್ದ ಇದೆಯೇ ಎಂದು ಹುಡುಕಲು ಹೇಳಿದ್ದೇವೆ. ಶಬ್ದ ಇಲ್ಲವೋ, ಫೋನಿಗೆ ಸಂದೇಶ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಉಪಯೋಗಕ್ಕೆ ಬಿದ್ದದ್ದು ಇದು.

ಸುರಕ್ಷತೆಯ ಸರ್ಟಿಫಿಕೇಟಿನ ಅವಧಿಯನ್ನೂ ಅದೇ ನೋಡುತ್ತದೆ. ಅವಧಿ ಮುಗಿದರೆ ಬ್ರೌಸರು ಗಿರಾಕಿಯನ್ನು ಹೆದರಿಸಿ ಓಡಿಸುತ್ತದೆ. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಮೊದಲು ನೆನಪಿನ ಇಮೇಲ್ ಕಳಿಸುತ್ತಿತ್ತು, 2025ರ ಜೂನಿನಲ್ಲಿ ನಿಲ್ಲಿಸಿತು. ನಮ್ಮ ನೆನಪು ನಾವೇ ಇಡಬೇಕು.

ಇನ್ನು ಯಾರು ಏಳುವುದು? ಇದರಲ್ಲೇ ಜಗಳ ಆದದ್ದು. ಶುರುವಿನಲ್ಲಿ ನಿಮಿಷಕ್ಕೊಮ್ಮೆ ತಟ್ಟುವಂತೆ ಇಟ್ಟು, ಒಂದು ಸಲ ಉತ್ತರ ತಪ್ಪಿದರೂ ಏಳೂ ಮನೆಗೆ ಸಂದೇಶ ಹೋಗುತ್ತಿತ್ತು. ಒಂದೇ ವಾರಕ್ಕೆ ಎಲ್ಲರೂ ಸದ್ದು ಅಡಗಿಸಿ ಇಟ್ಟರು. ಸುಮ್ಮಸುಮ್ಮನೆ ಬೊಗಳುವ ನಾಯಿಗೆ ಯಾರು ಏಳುತ್ತಾರೆ? ಈಗ ಐದು ನಿಮಿಷಕ್ಕೊಮ್ಮೆ ನೋಡುತ್ತದೆ. ಸಾಲಾಗಿ ಮೂರು ಸಲ ತಪ್ಪಿದರೆ ಮಾತ್ರ ಸಂದೇಶ. ಅಳಿಯ, ಆಚೆಮನೆ ಅತ್ತಿಗೆ, ನಾನು, ವಾರಕ್ಕೊಬ್ಬರ ಸರದಿ. ಸರದಿಯವರು ಕಾಲು ಗಂಟೆಯೊಳಗೆ ‘ನೋಡಿದೆ’ ಎಂದು ಬರೆಯದಿದ್ದರೆ ಮುಂದಿನವರು ಕೈಹಾಕುವುದು. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಯಾರನ್ನೂ ಎಬ್ಬಿಸುವುದಿಲ್ಲ. ಆಸ್ಪತ್ರೆಗೋ ಬ್ಯಾಂಕಿಗೋ ಇದು ನಡೆಯದು. ನಡುರಾತ್ರಿ ಹಪ್ಪಳ ಬೇಕೆನ್ನುವವರು ಬೆಳಗಾಗುವವರೆಗೆ ಕಾಯಲಿ.

“ಕಾವಲುಗಾರನೇ ಸತ್ತರೆ ಯಾರು ಹೇಳುವುದು?” ಎಂದು ಕೇಳಿದವರು ಅತ್ತಿಗೆ. ಅಳಿಯನಲ್ಲಿ ಉತ್ತರ ಇರಲಿಲ್ಲ. ಯೋಚಿಸಿ ಒಂದು ದಾರಿ ಮಾಡಿದ. ದಿನಾ ಬೆಳಗ್ಗೆ ಏಳಕ್ಕೆ ಆ ಲ್ಯಾಪ್‌ಟಾಪಿನಿಂದ ‘ಇದ್ದೇನೆ’ ಎಂಬ ಒಂದೇ ಶಬ್ದ ಮೂವರ ಫೋನಿಗೂ ಬರುತ್ತದೆ. ಬಾರದಿದ್ದರೆ ಅದೇ ಸುದ್ದಿ.

ಮೊನ್ನೆ ಒಂದು ದಿನ ಬರಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಅತ್ತಿಗೆಯೇ ಮೈಸೂರಿಗೆ ಫೋನ್ ಮಾಡಿದರು. ಅಳಿಯನ ರೂಮಿನ ಜೊತೆಗಾರ ಇಸ್ತ್ರಿಪೆಟ್ಟಿಗೆಗೆಂದು ಪ್ಲಗ್ ಕಿತ್ತಿದ್ದನಂತೆ. ಹಳೆಯ ಬ್ಯಾಟರಿ, ಅರ್ಧ ಗಂಟೆಯೂ ನಿಂತಿರಲಿಲ್ಲ.